ಹಳದಿ ಪಟ್ಟಿ ಯಾರಿಗೆ ಕಾಣಬೇಕು

ಅಂದು ಕೊಟ್ಟಿಗೆ ಬಾಚಿದೆ, ಅವರೆಕಾಯಿ ಸುಲಿದೆ, ಸೂಲಿಬೆಲೆಯಿಂದ ಹಿಂಡಿ ಮೂಟೆ ತರಿಸಿದೆ, ಯಜಮಾನರ ಶರ್ಟಿಗೆ ಗುಂಡಿ ಹೊಲಿದೆ, ಆಮೇಲೆ ಲ್ಯಾಪ್‌ಟಾಪ್ ತೆರೆದು ಕಚೇರಿಯ ಮೀಟಿಂಗಿಗೆ ಕೂತೆ. ಅತ್ತೆ ಮಾತ್ರ ಡೈರಿಗೆ ಹಾಲು ಹಾಕಲು ಹೋಗಲಿಲ್ಲ. ಹಿಂದಿನ ದಿನವೂ ಹೋಗಿರಲಿಲ್ಲ.

ನನ್ನದು ಹೊಸಕೋಟೆಯ ಒಂದು ಸಣ್ಣ ಕಂಪನಿಯಲ್ಲಿ ಕೋಡ್ ಬರೆಯುವ ಕೆಲಸ. ಹಾಲಿನ ಫ್ಯಾಟು ಲೆಕ್ಕ ಹಾಕುವ ಕೋಡನ್ನು ನಾವು ಎಲ್ಲರಿಗೂ ಬಿಟ್ಟುಕೊಟ್ಟಿದ್ದೇವೆ. ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳಬಹುದು. ಯಾರ್ಯಾರು ಸೇರಿಸಿಕೊಂಡಿದ್ದಾರೋ ನಮಗೆ ತಿಳಿಯದು. ಅದರಲ್ಲೊಂದು ಹಳೆಯ ಲೆಕ್ಕವನ್ನು ತೆಗೆದುಹಾಕುವುದಿತ್ತು. ಹೇಳದೆ ತೆಗೆದರೆ ಅದನ್ನು ನೆಚ್ಚಿಕೊಂಡ ಪ್ರೋಗ್ರಾಮುಗಳು ನಿಂತುಹೋಗುತ್ತವೆ. ಹಾಗಾಗಿ ಆ ಲೆಕ್ಕ ಓಡಿದಾಗಲೆಲ್ಲ, ಇದು ಮುಂದೆ ಇರುವುದಿಲ್ಲ, ಹೊಸದನ್ನು ಬಳಸಿ ಎಂದು ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಬರುವಂತೆ ಮಾಡಿದ್ದೆವು. ಅದು ಪ್ರೋಗ್ರಾಂ ಬರೆಯುವವರಿಗೆ ಹೇಳಿದ ಮಾತು.

ಎರಡು ದಿನದ ಹಿಂದೆ ಅದು ಹೋಗಿ ಕಾಣಿಸಿಕೊಂಡದ್ದು ನಮ್ಮೂರ ಡೈರಿಯ ಪರದೆಯ ಮೇಲೆ. ಆ ಡೈರಿಯ ಪ್ರೋಗ್ರಾಮಿನೊಳಗೂ ನಮ್ಮ ಕೋಡ್ ಸೇರಿತ್ತು, ನಾವು ಬದಲಿಸಿದ್ದೆಲ್ಲ ತಾನಾಗಿ ಅಲ್ಲಿಗೂ ಹೋಗುತ್ತಿತ್ತು. ಅಲ್ಲಿ ಎಂಥ ಎಚ್ಚರಿಕೆಯಾದರೂ ಹಳದಿ ಪಟ್ಟಿಯಲ್ಲೇ ಬರುತ್ತದೆ. ಹಳದಿ ಬಂತೆಂದರೆ ಹಾಲಿಗೆ ನೀರು ಬೆರೆತಿದೆ, ಊರಿಗೆ ಗೊತ್ತಿದ್ದದ್ದು ಅಷ್ಟೇ. ಸಾಲಿನಲ್ಲಿ ಎಂದಿನಂತೆ ಅತ್ತೆಯೇ ಮೊದಲಿದ್ದರು.

“ಹಳದಿ ಬಂತಲ್ಲಮ್ಮಾ, ಹಾಲು ತಗೊಳ್ಳಕ್ಕಾಗಲ್ಲ,” ಎಂದರಂತೆ ಸೆಕ್ರೆಟರಿ.

ಹಿಂದೆ ನಿಂತವಳು, “ದೊಡ್ಡಮ್ಮ, ಇವತ್ತು ಹಸು ಕರೆದ್ರೋ, ನಲ್ಲಿ ಕರೆದ್ರೋ?” ಎಂದು ನಕ್ಕಳಂತೆ. ಅವಳ ಹಾಲಿಗೂ ಹಳದಿ ಬಂದಾಗ, ಮಷೀನೇ ಕೆಟ್ಟಿದೆ ಎಂದರಂತೆ ಎಲ್ಲರೂ. ಅಷ್ಟರಲ್ಲಿ ಅತ್ತೆ ಕ್ಯಾನು ಹೊತ್ತು ಅರ್ಧ ದಾರಿ ಬಂದಿದ್ದರು.

“ಮಷೀನು ಕೆಟ್ಟಿದ್ದು ಎಲ್ರಿಗೂ ಗೊತ್ತಾಯ್ತು. ಆದ್ರೂ ನಕ್ಕಿದ್ದು ನಕ್ಕಿದ್ದೇ. ಅದು ಸರಿಹೋಗೋ ತನಕ ನಾನು ಹೋಗಲ್ಲ,” ಎಂದು ಕೂತುಬಿಟ್ಟರು.

ಮೀಟಿಂಗಿನಲ್ಲಿ ಜೊತೆಯವನೊಬ್ಬ, “ಮರೆಮಾಡಿಬಿಡೋಣ ಅಕ್ಕಾ. ಟೆಸ್ಟ್ ಓಡಿಸಿದಾಗ ಮಾತ್ರ ಕಾಣ್ಲಿ. ಓಡಿಸೋರು ಬರೆಯೋರೇ ತಾನೆ?” ಎಂದ. ಟೆಸ್ಟ್ ಎಂದರೆ ಬರೆದದ್ದನ್ನು ಹೊರಗೆ ಬಿಡುವ ಮುಂಚೆ ಓಡಿಸಿ ನೋಡುವುದು.

“ನೀನು ಹೋದ ವಾರ ಓಡಿಸಿದ್ಯಾ?”

“ನಾನಾ? ಟೈಮೆಲ್ಲಿತ್ತಕ್ಕಾ!” ಎಂದು ಅವನೇ ನಕ್ಕ.

ತೋರಿಸಿದರೆ ಏನೂ ಮಾಡಲಾಗದವರಿಗೆ ಕಾಣುತ್ತದೆ. ಮುಚ್ಚಿದರೆ ಸರಿಪಡಿಸಬಲ್ಲವರಿಗೂ ಕಾಣುವುದಿಲ್ಲ. ಊಟದ ಹೊತ್ತಿನವರೆಗೂ ಎಳೆದಾಡಿ, ಮರೆಮಾಡುವುದೆಂದೇ ಆಯಿತು. ನಾನೂ ಹೂಂ ಎಂದೆ.

ಮನಸ್ಸು ತಡೆಯದೆ, ನಮ್ಮೂರ ಡೈರಿಗೆ ಪ್ರೋಗ್ರಾಂ ಕೊಟ್ಟವರ ನಂಬರನ್ನು ಸೆಕ್ರೆಟರಿಯಿಂದ ಪಡೆದು ಫೋನ್ ಮಾಡಿದೆ. ಇನ್ನು ಹಳದಿ ಬರುವುದಿಲ್ಲ, ಆದರೆ ಹಳೆಯ ಲೆಕ್ಕವನ್ನು ಮುಂದೆ ತೆಗೆದುಬಿಡುತ್ತೇವೆ, ಅಷ್ಟರಲ್ಲಿ ಹೊಸದಕ್ಕೆ ಬದಲಿಸಿಕೊಳ್ಳಿ ಎಂದೆ.

“ಅದನ್ನ ಬರೆದವ್ರು ಕೆಲಸ ಬಿಟ್ಟೋದ್ರು ಮೇಡಂ. ಇನ್ಮೇಲೆ ಹಳದಿ ಬರಲ್ಲ ಅಂತೀರಲ್ಲ, ಮತ್ತೇನು ಬಿಡಿ!” ಎಂದು ಇಟ್ಟುಬಿಟ್ಟರು.

ಸಂಜೆ ಅತ್ತೆ ಕೇಳಿದರು: “ನಾಳೆ ಹಳದಿ ಬರಲ್ಲ ತಾನೆ?”

“ಬರಲ್ಲ ಅತ್ತೆ.”

“ಹಂಗಾದ್ರೆ ರಿಪೇರಿ ಆಯ್ತು ಅನ್ನು.”

ಮುಂದೊಂದು ಬೆಳಗ್ಗೆ ಆ ಮಷೀನು ಲೆಕ್ಕವನ್ನೇ ಹಾಕದೆ ನಿಲ್ಲಬಹುದು, ಆಗಲೂ ಸಾಲಿನಲ್ಲಿ ಇವರೇ ಮೊದಲಿರಬಹುದು ಎನ್ನಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದರೂ ಅವರೇನು ಮಾಡಬೇಕಿತ್ತು? ಅವರು ಆಗಲೇ ಕ್ಯಾನನ್ನು ಬಿಸಿನೀರಲ್ಲಿ ತೊಳೆದು ಬಾಗಿಲ ಪಕ್ಕ ಬೋರಲು ಹಾಕುತ್ತಿದ್ದರು.

ರಾತ್ರಿಗೆ ಮುದ್ದೆ, ಅವರೆಕಾಳು ಸಾರು. ಡೈರಿಗೆ ಹೋಗದೆ ಉಳಿದ ಹಾಲಿನಲ್ಲಿ ಹಬ್ಬವಿಲ್ಲದೆಯೂ ಶಾವಿಗೆ ಪಾಯಸ. ಯಜಮಾನರು ಎರಡು ಲೋಟ ಕುಡಿದರು. ಬೆಳಗ್ಗೆ ಬೇಗ ಏಳಬೇಕೆಂದು ಅತ್ತೆ ಎಲ್ಲರಿಗಿಂತ ಮೊದಲು ಮಲಗಿ ನಿದ್ದೆ ಹೋದರು.