ತಾಮ್ರದ ಬಿಂದಿಗೆಯಲ್ಲಿ ಬಂದ ಕ್ಯಾನು

ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಹನಿಯೂ ಬಿಡದೆ ಹಿಡಿದು ತನ್ನಿ ಎಂದು ಗೌರವಸ್ಥರ ಮನೆಯವರಿಗೆ ಹೇಳುವುದು ಎಂಥ ಕಷ್ಟ ಎಂಬುದು ಆ ಕೆಲಸ ಮಾಡಿದವರಿಗೇ ಗೊತ್ತು. ತೊಂಬತ್ತರ ದಶಕದ ನಡುವೆ ಅದೇ ನನ್ನ ಹೊಟ್ಟೆಪಾಡಾಗಿತ್ತು. ಮಿದುಳು ಸ್ವಲ್ಪಸ್ವಲ್ಪವಾಗಿ ಸವೆಯುವ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ತಂಡವೊಂದು ಚಾಮರಾಜನಗರದಲ್ಲಿ ಎರಡು ಕೋಣೆ ಹಿಡಿದಿತ್ತು. ಡಾಕ್ಟರು ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಉಳಿದ ದಿನ ಅಲ್ಲಿದ್ದವಳು ಲ್ಯಾಬ್ ಟೆಕ್ನಿಷಿಯನ್ ಆದ ನಾನೊಬ್ಬಳೇ. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಬೀಗ ತೆಗೆಯುವ ಹೊತ್ತಿಗೆ ನನಗೆ ಅರ್ಧ ಕೋಪ ಬಂದಿರುತ್ತಿತ್ತು. ಉಳಿದರ್ಧವನ್ನು ಬಂದವರು ತುಂಬಿಸುತ್ತಿದ್ದರು.

ನಮ್ಮ ಪಟ್ಟಿಯಲ್ಲಿದ್ದ ಕಾಯಿಲೆಗಳಲ್ಲಿ ಔಷಧಿ ಅಂತ ಇದ್ದದ್ದು ಒಂದಕ್ಕೇ. ಊಟದಲ್ಲಿ ಎಲ್ಲರ ಮೈಗೂ ಸೇರುವ ತಾಮ್ರ ಕೆಲವರಲ್ಲಿ ಹೊರಗೆ ಹೋಗದೆ ಲಿವರಿನಲ್ಲಿ, ಮಿದುಳಿನಲ್ಲಿ ಕೂತುಬಿಡುತ್ತದೆ. ಕೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ. ಬೇಗ ಗೊತ್ತಾದರೆ ಗುಣವಾಗಬಹುದು. ಗೊತ್ತಾಗಬೇಕಾದರೆ ಮೂತ್ರದಲ್ಲಿ ತಾಮ್ರ ಎಷ್ಟಿದೆ ಎಂದು ಅಳೆಯಬೇಕು. ಅಳೆಯುವ ಯಂತ್ರ ಇದ್ದದ್ದು ದೊಡ್ಡ ಊರಿನ ಲ್ಯಾಬಿನಲ್ಲಿ. ತಳದಲ್ಲಿ ಒಂದಿಷ್ಟು ಆಸಿಡ್ ಹಾಕಿದ ಪ್ಲಾಸ್ಟಿಕ್ ಕ್ಯಾನು ಕೊಡುವುದು, ತುಂಬಿ ಬಂದದ್ದನ್ನು ಅಳೆದು ಸಣ್ಣ ಬಾಟಲಿಗೆ ಹಾಕಿ ಅಲ್ಲಿಗೆ ಕಳಿಸುವುದು, ಇಷ್ಟೇ ನನ್ನ ಪಾಲಿನದು.

ತಾಮ್ರ, ಹಿತ್ತಾಳೆ ಮುಟ್ಟಿಸಬೇಡಿ ಎಂದು ನಾನು ಗಂಟಲು ಹರಿದುಕೊಂಡು ಹೇಳುತ್ತಿದ್ದೆ. ಕೋಣನ ಮುಂದೆ ಕಿನ್ನರಿ. ಹರವೆ ಕಡೆಯವರೊಬ್ಬರು ಹಳೇ ತಾಮ್ರದ ಚೊಂಬಿನಲ್ಲಿ ಹಿಡಿದು ಕ್ಯಾನಿಗೆ ಸುರಿದು ತಂದರು. ಬೇಗೂರಿನ ಒಬ್ಬರು ಹಿತ್ತಾಳೆ ಪಾತ್ರೆಯಲ್ಲಿ ಹಿಡಿದರು. ದೊಡ್ಡ ಊರಿನ ಲ್ಯಾಬಿನ ಮೇಲಧಿಕಾರಿ ಫೋನು ಮಾಡಿ, "ಏನ್ರೀ, ನಿಮ್ಮ ಕಡೆಯವರದು ಮೂತ್ರವೋ, ತಾಮ್ರದ ಗಣಿಯೋ? ಇನ್ನೊಂದು ಸಲ ಇಂಥದ್ದು ಕಳಿಸಿದರೆ ನಿಮ್ಮ ಮೇಲೆ ದೂರು ಬರೆಯುತ್ತೇನೆ" ಎಂದರು. ನನ್ನದು ವರ್ಷ ವರ್ಷಕ್ಕೆ ಮುಂದುವರಿಸುವ ಕೆಲಸ. ಹೆದರಿದೆ.

ಉಡಿಗಾಲದ ಹುಡುಗಿ ಬಂದದ್ದು ಅದೇ ವಾರ. ಹದಿನಾರು ವರ್ಷ. ಬರೆಯುವಾಗ ಕೈ ನಡುಗುತ್ತದೆಂದು ಸ್ಕೂಲು ಬಿಟ್ಟಿದ್ದಳು. ಮಾತು ಎಳೆದೆಳೆದು ಬರುತ್ತಿತ್ತು, ಆದರೆ ಅರ್ಥವಾಗುತ್ತಿತ್ತು, ಸಾಲದ್ದಕ್ಕೆ ಬಾಯಿ ಜೋರು. ನಾನು ಕ್ಯಾನು ಕೊಟ್ಟು ಹೇಗೆ ಹಿಡಿಯಬೇಕೆಂದು ಹೇಳುತ್ತಿದ್ದಾಗ, "ಅಕ್ಕೋ, ನಿಮ್ ಕೆಲ್ಸ ಸತ್ರೂ ಬ್ಯಾಡ ಕಣಕ್ಕ" ಎಂದು ನಕ್ಕಳು. ನನಗೂ ನಗು ಬಂತು. ಅಂದು ಬಂದಿದ್ದ ಡಾಕ್ಟರು ಮಾತ್ರ ನಗಲಿಲ್ಲ. "ಇದು ಅದೇ ಇರಬೇಕು. ರಿಪೋರ್ಟು ಬಂದ ದಿನವೇ ಔಷಧಿ ಶುರು ಮಾಡೋಣ, ತಡವಾದರೆ ಮಾತು ಹೋಗುತ್ತೆ" ಎಂದರು. ರಿಪೋರ್ಟು ಇಲ್ಲದೆ ಔಷಧಿ ಕೊಡುವಂತಿರಲಿಲ್ಲ.

ಮೂರು ದಿನದ ಮೇಲೆ ಅವಳ ಅಪ್ಪ ಬಂದರು. ಹೆಗಲ ಮೇಲೆ ತಾಮ್ರದ ಬಿಂದಿಗೆ, ಅದರ ಬಾಯಿಗೆ ಟವಲು ಕಟ್ಟಿತ್ತು. ಟವಲು ಬಿಚ್ಚಿ ಬಿಂದಿಗೆಯೊಳಗಿಂದ ನನ್ನ ಕ್ಯಾನು ತೆಗೆದರು. ನನಗೆ ಪಿತ್ತ ನೆತ್ತಿಗೇರಿತು.

"ಇದರಲ್ಲೇ ಹಿಡಿದಿರಾ?"

"ಇಲ್ಲ ಕಣವ್ವ..."

"ಸುಳ್ಳು ಹೇಳಬೇಡಿ. ಕ್ಲೀನಾಗಿಲ್ಲ ಇದು, ಉಪಯೋಗಕ್ಕಿಲ್ಲ!"

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಅಷ್ಟರಲ್ಲಿ ಕ್ಯಾನನ್ನು ಸಿಂಕಿಗೆ ಬಗ್ಗಿಸಿಯಾಗಿತ್ತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನಾನು ಊದಲೂ ಇಲ್ಲ, ಚೆಲ್ಲಿಯೇಬಿಟ್ಟೆ.

ಹೊಸ ಕ್ಯಾನು ಕೊಟ್ಟು ಕಳಿಸಿದೆ. ಎರಡನೆಯ ಸಲ ಅವರು ಬಂದಾಗ ಮಾರು ದೂರದಿಂದಲೇ ಕ್ಯಾನು ಎತ್ತಿ ತೋರಿಸಿದರು. "ಈ ಸಲ ಕಿಲೀನಾಗದ ಕಣವ್ವ. ನಮ್ಮೆಂಗ್ಸ್ರು ಬೂದಿ ಹುಣಸೆಹಣ್ಣು ಆಕಿ ಒಳಗೆಲ್ಲ ತಿಕ್ಕಿ ತೊಳ್ದವ್ರೆ." ನಾನು ಹಾಕಿದ್ದ ಆಸಿಡ್ಡೂ ಹೋಯಿತು, ಯಾವ ಯಾವ ಪಾತ್ರೆ ತಿಕ್ಕಿದ ಬೂದಿಯೋ ಏನೋ ಒಳಗೆ ಸೇರಿತು. ಈ ಸಲ ಕಿರುಚಲಿಲ್ಲ. ಹಣೆ ಹಣೆ ಚಚ್ಚಿಕೊಂಡೆ. ಕ್ಲೀನಾಗಿಲ್ಲ ಎಂದವಳು ನಾನೇ ತಾನೆ? ಅವರು ಮುಖ ಸಣ್ಣದು ಮಾಡಿಕೊಂಡು ವಾಪಸ್ಸು ಹೋದರು. ಆಮೇಲೆ ಸುಗ್ಗಿ ಬಂತು, ಅವರು ಬರಲಿಲ್ಲ. ಮೊದಲ ಸಲದಿಂದ ಎಣಿಸಿದರೆ ನಾಲ್ಕು ತಿಂಗಳು ದಾಟಿತ್ತು.

ಕೊನೆಗೆ ನಾನೇ ಹೊಸ ಕ್ಯಾನು ಹಿಡಿದು ಉಡಿಗಾಲದ ಬಸ್ಸು ಹತ್ತಿದೆ. ಒಂದು ದಿನ ಅವರ ಮನೆಯಲ್ಲೇ ಇದ್ದು ನನ್ನ ಕಣ್ಣೆದುರೇ ಹಿಡಿಸುವುದೆಂದು ಹಟ. ಹುಡುಗಿ ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ನಕ್ಕು ಏನೋ ಹೇಳಿದಳು. ಬಾಯಿ ಅಲುಗಿತು, ಸದ್ದು ಬಂತು, ಒಂದು ಪದವೂ ತಿಳಿಯಲಿಲ್ಲ.

ನಾನು ತಾಯಿಗೆ ಮೊದಲಿಂದ ಹೇಳಿಕೊಡಲು ಶುರು ಮಾಡಿದೆ. ಆಕೆ ಒಳಗೆ ಹೋಗಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ತಂದರು. ಹೊಸದು, ಅಂಟಿಸಿದ ಚೀಟಿ ಕೂಡ ಕಿತ್ತಿರಲಿಲ್ಲ.

"ಇದ್ರಲ್ಲೇ ಇಡ್ದು ಕ್ಯಾನ್‌ಗೆ ಉಯ್ಯದು. ಮೊದಲ್ನೆ ಸಲನೂ ಇಂಗೇ ಮಾಡಿದ್ದು ಕಣವ್ವ. ನೀವು ಯೋಳಿದ್ರಲ್ಲ ಅಂತವ ಸಂತೆಲಿ ತಂದೊ."

"ಮತ್ತೆ ಆ ತಾಮ್ರದ ಬಿಂದಿಗೆ?"

"ಬಸ್ಸಲ್ಲಿ ನೆಂಟ್ರಿಷ್ಟ್ರು ಇರ್ತರೆ. ಬೆಳ್ದ ಮಗ್ಳ ಉಚ್ಚೆ ಇಡ್ಕ ಓಗದ ಯಾರಾರ ಕಂಡರು ಅಂತ, ಅವ್ಳಪ್ಪ ಕ್ಯಾನ ಬಿಂದಿಗೆ ಒಳಗ ಇಟ್ಟು ಬಟ್ಟೆ ಕಟ್ಕ ಬಂದ್ರು. ಬಿಂದಿಗೆಗೆ ಕಲಾಯಿ ಆಕ್ಸಕ್ಕೆ ಓಯ್ತಿನಿ ಅಂದ್ರಾಯ್ತು ಅಂತ. ಮುಚ್ಳ ಬಿಗಿಯಾಗೇ ಇತ್ತಲ್ಲವ್ವ."

ಇತ್ತು. ಬಗ್ಗಿಸುವ ಮೊದಲು ಆ ಮುಚ್ಚಳವನ್ನು ತಿರುಗಿಸಲು ನಾನೇ ಹೆಣಗಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಆ ಜಗಲಿಯ ಮೇಲೆ ಜಾಗವಿರಲಿಲ್ಲ. ತಾಯಿ ಕಾಫಿ ಕೊಟ್ಟರು. ಬೈದಿದ್ದರೆ ಕುಡಿಯುವುದು ಸುಲಭವಾಗುತ್ತಿತ್ತು.

ಆ ಸಲದ ರಿಪೋರ್ಟು ಬಂತು. ಅದೇ ಕಾಯಿಲೆ. ಔಷಧಿ ಶುರುವಾಯಿತು. ಕೈ ನಡುಕ ನಿಧಾನವಾಗಿ ಕಮ್ಮಿಯಾಯಿತು, ನಡಿಗೆ ನೆಟ್ಟಗಾಯಿತು. ಮಾತು ಮಾತ್ರ ಮರಳಲಿಲ್ಲ. ನಾಲ್ಕು ತಿಂಗಳು ಮುಂಚೆ ಶುರು ಮಾಡಿದ್ದರೆ ಎಂದು ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ. ಮಾತು ಉಳಿಯಬಹುದಿತ್ತು" ಎಂದರು. ನಾನು ಚೆಲ್ಲಿದ್ದನ್ನು ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತು.

ತಂಡ ಬಾಗಿಲು ಹಾಕಿದ ಮೇಲೆ ಒಂದು ಬೆಳಗ್ಗೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗಳು ಸಿಕ್ಕರು. ಹುಡುಗಿ ಮೈ ತುಂಬಿಕೊಂಡಿದ್ದಳು. ನೆಟ್ಟಗೆ ನಡೆದು ಬಂದು, ನಡುಗದ ಕೈಯಲ್ಲಿ ನನ್ನ ಕೈ ಹಿಡಿದು, ಸಂಭ್ರಮದಿಂದ ಉದ್ದಕ್ಕೆ ಏನೋ ಹೇಳಿದಳು. ನಾನು ಸುಮ್ಮನೆ ನಗುತ್ತಾ ತಲೆ ಆಡಿಸಿದೆ. ಅವಳು ಮತ್ತೆ ಹೇಳಿದಳು, ಇನ್ನೂ ಜೋರಾಗಿ. ನಾನು ಮತ್ತೆ ತಲೆ ಆಡಿಸಿದೆ. ಅವಳ ನಗು ಇಳಿಯಿತು.

ತಾಯಿ ಮೆಲ್ಲಗೆ ಅಂದರು: "ತಿಂಡಿ ಆಯ್ತಾ ಅಕ್ಕ ಅಂತ ಕೇಳ್ತಾವ್ಳೆ ಕಣವ್ವ."