ಮಲಗದ ಕಾರು

ನಮ್ಮವರಷ್ಟು ಪುಕ್ಕಲು ಮನುಷ್ಯ ಈ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಹಗ್ಗ ಕಂಡರೂ ಹಾವು ಎನ್ನುವವರು. ಯಾರಾದರೂ ಜೋರಾಗಿ ಹಾರನ್ ಹೊಡೆದರೆ ಕೈಯಲ್ಲಿದ್ದ ಸ್ಪ್ಯಾನರ್ ಬೀಳಿಸಿಕೊಳ್ಳುತ್ತಾರೆ. ಗಿರಾಕಿ ದನಿಯೇರಿಸಿದರೆ ಅಂಗಡಿಯೊಳಗೆ ಬಲ್ಬು, ಫ್ಯೂಸು ಮಾರುತ್ತ ಕೂತಿರುವ ನನ್ನ ಮುಖ ನೋಡುತ್ತಾರೆ. ಜಗಳವೆಲ್ಲ ನನ್ನ ಪಾಲು. ಇಂಥವರು ಗಾಡಿಗಳ ಎಲೆಕ್ಟ್ರಿಷಿಯನ್ ಆದದ್ದು ಹೇಗೆ ಎಂದು ನಮ್ಮಪ್ಪ ಒಮ್ಮೆ ಕೇಳಿಯೇಬಿಟ್ಟಿದ್ದರು. "ಹನ್ನೆರಡು ವೋಲ್ಟು ಯಾರನ್ನೂ ಕೊಲ್ಲಲ್ಲ ಮಾವ," ಅಂದಿದ್ದರು ಇವರು.

ಆ ಹೆದರಿಕೆಯಿಂದಲೇ ಇವರ ಕೆಲಸ ಚೊಕ್ಕ, ಅದನ್ನು ಒಪ್ಪಲೇಬೇಕು. ನಿಂತ ಗಾಡಿಯ ಬ್ಯಾಟರಿ ತಾನಾಗಿ ಇಳಿಯುತ್ತಿದೆ ಎಂದರೆ ಬೇರೆಯವರು ಹೊಸ ಬ್ಯಾಟರಿ ಕೂರಿಸಿ ಕಳಿಸುತ್ತಾರೆ. ಇವರು ಬ್ಯಾಟರಿಯ ತಂತಿ ಬಿಚ್ಚಿ ನಡುವೆ ಮೀಟರು ಸೇರಿಸುತ್ತಾರೆ, ಅದೂ ಕಾರಿಗೆ ಅರೆಕ್ಷಣವೂ ಕರೆಂಟು ತಪ್ಪದಂತೆ ಪಕ್ಕದಲ್ಲಿ ಇನ್ನೊಂದು ತಂತಿ ಕೊಟ್ಟು. ಬಾನೆಟ್ಟಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾನೆಟ್ಟು ಮುಚ್ಚಿದೆ ಎಂದು ಕಾರನ್ನೇ ನಂಬಿಸುತ್ತಾರೆ. ಆಮೇಲೆ ಕಾಯುವುದು. ಈಗಿನ ಕಾರುಗಳು ನಿಂತ ಕೂಡಲೇ ಮಲಗುವುದಿಲ್ಲ. ಒಳಗಿನ ಯಂತ್ರಗಳು ಒಂದೊಂದಾಗಿ ಕಣ್ಣು ಮುಚ್ಚಬೇಕು. ಅಷ್ಟರಲ್ಲಿ ಯಾರಾದರೂ ಬಾಗಿಲು ತೆಗೆದರೆ ಮತ್ತೆ ಮೊದಲಿಂದ. ನಮ್ಮ ಮಕ್ಕಳನ್ನು ಮಲಗಿಸುವಾಗ ಈ ತಾಳ್ಮೆ ಎಲ್ಲಿ ಹೋಗಿತ್ತೋ!

ಒಂದು ಮಧ್ಯಾಹ್ನ ಒಬ್ಬ ನರ್ಸು ಮಗಳನ್ನು ಕರೆದುಕೊಂಡು ಬಿಳಿ ಕಾರಿನಲ್ಲಿ ಬಂದಳು. "ಎರಡು ದಿನ ನಿಲ್ಲಿಸಿದ್ರೆ ಸ್ಟಾರ್ಟೇ ಆಗಲ್ಲ ಅಣ್ಣ. ಇದು ಕೈ ಕೊಟ್ರೆ ನಾನು ಕೆಟ್ಟೆ. ಯಾವಾಗ ಬೇಕಾದ್ರೂ ಹೊರಡೋ ಹಾಗಿರ್ಬೇಕು ನಾವು," ಅಂದಳು.

ಯಾಕೆ ಎಂದು ಕೇಳದೆ ಬಿಡುವವಳಲ್ಲ ನಾನು. ಗಂಡನನ್ನು ಬಿಟ್ಟು ಬಂದಿದ್ದಳು. ಅವಳ ಎಡಗೈ ಮಣಿಕಟ್ಟು ಸೊಟ್ಟಗಿತ್ತು, ಅದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಮನೆ ಬದಲಿಸಿದಾಗಲೆಲ್ಲ ಕೆಲವೇ ದಿನಗಳಲ್ಲಿ ಅವನು ಎದುರು ರಸ್ತೆಯಲ್ಲಿ ಪ್ರತ್ಯಕ್ಷನಾಗುತ್ತಿದ್ದನಂತೆ. "ನಮ್ಮ ವಿಳಾಸ ಗೊತ್ತಿದ್ದಿದ್ದು ನನ್ನ ತಂಗಿಗೆ ಮಾತ್ರ ಅಕ್ಕ. ಅವಳೇ ಹೇಳ್ತಿದಾಳೆ ಅಂತ ಅವಳ ಜೊತೆ ಮಾತೇ ಬಿಟ್ಟಿದೀನಿ. ಈಗಿರೋ ಮನೆ ಅವಳಿಗೂ ಗೊತ್ತಿಲ್ಲ."

ಮೀಟರಿನ ಅಂಕಿ ಇಳಿಯಿತು, ಆದರೆ ಇಳಿಯಬೇಕಾದಷ್ಟು ಇಳಿಯಲಿಲ್ಲ. ಕಾರು ಮಲಗಿದರೂ ಒಳಗೆ ಏನೋ ಒಂದು ಎಚ್ಚರವಾಗಿತ್ತು. ನಮ್ಮವರು ಬಾನೆಟ್ಟಿನಡಿಯ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ, ಅಂಕಿ ನೋಡಿ ಮತ್ತೆ ಹಾಕುತ್ತ ಹೋದರು. ಒಂದನ್ನು ಕಿತ್ತಾಗ ಅಂಕಿ ದಬಕ್ಕನೆ ಬಿತ್ತು. ಅದನ್ನು ಜೇಬಿಗೆ ಹಾಕಿಕೊಂಡು, ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತೂರಿದರು. ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ. ಒಳಗೆ ಅದರದ್ದೇ ಪುಟ್ಟ ಬ್ಯಾಟರಿ ಇರಬೇಕು, ಫ್ಯೂಸು ಕಿತ್ತಿದ್ದರೂ ಅದರ ಕೆಂಪು ದೀಪ ಮಿಣುಕುತ್ತಿತ್ತು.

"ಇದು ಕಂಪನಿಯವ್ರು ಹಾಕಿದ್ದಲ್ಲಮ್ಮ. ಗಾಡಿ ಎಲ್ಲಿದೆ ಅಂತ ಯಾರದೋ ಫೋನಿಗೆ ಹೇಳೋ ಡಬ್ಬಿ."

ಅವಳು ಅಲ್ಲಿದ್ದ ಹಳೇ ಟೈರಿನ ಮೇಲೆ ಕುಸಿದು ಕೂತಳು. "ನನ್ನ ತಂಗಿ..." ಅಂದಳು.

"ಇನ್ನೊಂದಿದೆ," ಎಂದರು ಇವರು. "ಕರೆಂಟು ತಪ್ಪಿದ ತಕ್ಷಣ ಇದು ಸುದ್ದಿ ಕಳಿಸುತ್ತೆ. ಯಾರೋ ಕಿತ್ರು, ಇಂಥಾ ಜಾಗದಲ್ಲಿ ಅಂತ. ಕಿತ್ತೋನು ನಾನೇ. ಮೊದ್ಲು ತಂತಿ ಹುಡುಕಿ ಆಮೇಲೆ ಕೀಳ್ಬೇಕಿತ್ತು. ತಪ್ಪಾಯ್ತು ತಾಯಿ."

ಆಗಲೇ ಅಂಗಡಿಯ ಫೋನು ಬಡಿದುಕೊಂಡಿತು. ಗ್ರೀಸು ಮೆತ್ತಿದ ಕೈ ಎಂದು ಇವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ಗಂಡಸಿನ ದನಿ, ಬೆಣ್ಣೆಯಷ್ಟು ನಯ. "ಮ್ಯಾಪಲ್ಲಿ ನಿಮ್ಮ ಅಂಗಡಿ ನಂಬರ್ ಸಿಕ್ತು. ಒಂದು ಬಿಳಿ ಕಾರು ಬಂದಿದೆ ಅಲ್ವಾ? ನಮ್ಮ ಮನೆಯವ್ರದ್ದು."

ಮಗು ಬಾಯಿ ತೆರೆಯಿತು. ತಾಯಿ ಅದರ ಮುಖವನ್ನು ಎದೆಗೊತ್ತಿಕೊಂಡಳು. ಊರಿಗೆಲ್ಲ ಬಾಯಿ ಮಾಡುವ ನಾನು ತುಟಿಪಿಟಕ್ಕೆನ್ನಲಿಲ್ಲ.

"ಹೌ... ಹೌದು ಸಾರ್," ಎಂದರು ಇವರು. "ಬಿಟ್ಟು ಹೋಗಿದಾರೆ. ಸಂಜೆ ಬಂದು ತಗೊಂಡು ಹೋಗ್ತಾರಂತೆ."

"ಹತ್ರದಲ್ಲೇ ಇದೀನಿ. ಬಂದೆ."

ಫೋನಿಟ್ಟ ಮೇಲೆ ಇವರು, ಕಾರು ಇಲ್ಲೇ ಇದೆ ಎಂದು ಅವನ ಫೋನಿನಲ್ಲಿ ಕಾಣುತ್ತಿರಲಿ ಎಂದು, ಡಬ್ಬಿಯನ್ನು ಇದ್ದಲ್ಲೇ ಸೇರಿಸಿ ಫ್ಯೂಸನ್ನು ಮತ್ತೆ ಹಾಕಿದರು. "ಇಬ್ಬರನ್ನೂ ಸ್ಕೂಟರಲ್ಲಿ ಠಾಣೆಗೆ ಕರ್ಕೊಂಡು ಹೋಗು," ಎಂದರು.

"ಶಟರ್ ಎಳೆದು ನೀವೂ ಬನ್ನಿ ಅಂದ್ರೆ!"

"ಇಲ್ಲಿ ಯಾರೂ ಇಲ್ದಿದ್ರೆ ಅವನು ರಸ್ತೆ ಮೇಲೆ ಹುಡುಕ್ತಾನೆ ಕಣೇ. ನಾನಿದ್ರೆ ಇಲ್ಲೇ ಕಾಯ್ತಾನೆ."

ಠಾಣೆಯಲ್ಲಿ ಅವಳ ದೂರು ಕೇಳಿಸಿಕೊಂಡವರು ಜೀಪು ಕಳಿಸುತ್ತೇವೆ ಎಂದರು. ಅವಳು ನನ್ನ ಫೋನಿನಿಂದ ತಂಗಿಗೆ ಕರೆ ಮಾಡಿ, ಆ ಕಡೆಯಿಂದ "ಹಲೋ" ಎಂದದ್ದೇ ಅಳತೊಡಗಿದಳು. ಜೀಪು ಹೊರಡುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಅಂಗಡಿಯಲ್ಲಿ ಇವರೊಬ್ಬರೇ. ಜೀವ ಕೈಯಲ್ಲಿ ಹಿಡಿದುಕೊಂಡು ಸ್ಕೂಟರ್ ಓಡಿಸಿದೆ.

ಅವನು ನನ್ನ ಕುರ್ಚಿಯಲ್ಲೇ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಕೂದಲು. ನನ್ನನ್ನೂ ಸ್ಕೂಟರನ್ನೂ ನೋಡಿ ನಕ್ಕ. "ನಮಸ್ಕಾರ ಅಕ್ಕ. ಯಾರನ್ನ ಎಲ್ಲಿ ಬಿಟ್ಟು ಬಂದ್ರಿ?"

ಬೇಡವೆಂದರೂ ನನ್ನ ಕಣ್ಣು ಠಾಣೆಯ ದಾರಿಗೆ ಹೊರಳಿತು. ಅದನ್ನು ಅವನು ನೋಡಿದ, ಎದ್ದ. ಅಂಗಡಿಗೆ ಇರುವುದು ಒಂದೇ ಬಾಗಿಲು. ನಮ್ಮವರು ಹೋಗಿ ಅದರಲ್ಲಿ ನಿಂತರು.

"ನನ್ನ ಹೆಂಡ್ತಿ ಎಲ್ಲಿಗೆ ಹೋದ್ಲು ಅಂತ ನಾನೇ ಕೇಳಲ್ಲ," ಎಂದರು. "ನೀವ್ಯಾರು ಸ್ವಾಮಿ ಕೇಳೋಕೆ?"

ದನಿ ನಡುಗುತ್ತಿತ್ತು. ಅವನು ಇವರ ಎದೆಗೆ ಕೈಯಿಟ್ಟು ತಳ್ಳಿದ. ಇವರು ಶಟರಿನ ಕಂಬ ತಬ್ಬಿ ಹಿಡಿದರು. ಮತ್ತೆ ತಳ್ಳಿದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡರೇ ಹೊರತು ಕಂಬ ಬಿಡಲಿಲ್ಲ. ಜೀಪು ಬಂದು ಅವನನ್ನು ಕೂರಿಸಿಕೊಂಡು ಹೋದ ಮೇಲೂ ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿ ನಾನೇ ಒಳಗೆ ಕರೆತಂದೆ.