ದೊರೆ ಸಾಯಬೇಕಾದ ದಿಕ್ಕು

ಇರಾಕಿನಲ್ಲಿ ಯುದ್ಧ ಶುರುವಾದ ವರ್ಷ ನಾನು ದೋಹಾದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದೆ. ಶುಕ್ರವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಮಾತ್ರ. ಉಳಿದ ದಿನಗಳಲ್ಲಿ ವೆಸ್ಟ್ ಬೇಯಲ್ಲಿ ಕಟ್ಟಡ ಕಟ್ಟುವ ಕಂಪೆನಿಯೊಂದರ ಸ್ಟೋರ್ ಕೀಪರ್.

ನಮ್ಮ ಕಡೆಯವರ ಸಂಘ ನಾಟಕ ಆಡಲು ಹೊರಟಿತ್ತು. ಕಂಪೆನಿ ಸರಕಾರದ ಕಾಲ. ಕರಾವಳಿಯ ರೈತರು ದಂಗೆ ಏಳುತ್ತಾರೆ, ಜಿಲ್ಲೆ ಆಳುವ ದೊರೆ ಯುದ್ಧದಲ್ಲಿ ಗುಂಡು ತಿಂದು ಸಾಯುತ್ತಾನೆ. ಅಲ್ಲಿಯವರೆಗೆ ಸಂಘದ ನಾಟಕಗಳಲ್ಲಿ ನಾನು ದ್ವಾರಪಾಲಕ, ಎರಡನೆಯ ದ್ವಾರಪಾಲಕ, ಒಮ್ಮೆ ಅಶರೀರವಾಣಿ. ಈ ಸಲ ದೊರೆಯಾಗಲು ಕಾರಣ ಪ್ರತಿಭೆಯಲ್ಲ. ಸೈಟಿನ ಸೇಫ್ಟಿ ಶೂ ನನ್ನ ಬಳಿ ಇತ್ತು. ಕಪ್ಪು ಪಾಲಿಶ್ ಹಾಕಿದರೆ ಅದೇ ಬೂಟು.

ದೊರೆಯ ಜೀವಮಾನ ಒಟ್ಟು ಹದಿನಾಲ್ಕು ನಿಮಿಷ. ಆ ಅವಧಿಯಲ್ಲಿ ಅವನು ಚಹಾ ಕೇಳುತ್ತಾನೆ, ಉಪ್ಪಿಗೆ ತೆರಿಗೆ ಹಾಕುತ್ತಾನೆ, ಸೆಕೆಯನ್ನು ಬೈಯುತ್ತಾನೆ, ದಂಗೆಯ ಸುದ್ದಿ ಕೇಳಿ ಮೀಸೆ ಮುಟ್ಟಿಕೊಳ್ಳುತ್ತಾನೆ. ಸಾವಿಗೇ ಮೂರು ನಿಮಿಷ. ಅಷ್ಟರಲ್ಲಿ ನನ್ನ ಮುಖದ ಮೇಲೆ ಪಶ್ಚಾತ್ತಾಪ, ತಾಯ್ನಾಡಿನ ನೆನಪು, ಕೊನೆಗೆ ಶಾಂತಿ ಹಾದುಹೋಗುವುದನ್ನು ಜನ ನೋಡಬೇಕೆಂದು ನನ್ನ ಆಸೆ. ಕನ್ನಡಿಯ ಮುಂದೆ ದಿನಾ ಸಾಯುತ್ತಿದ್ದೆ.

ಹೆಂಡತಿ ಇದನ್ನು ಉಡುಪಿಯಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಹೇಳಿಬಿಟ್ಟಳು. ಅಮ್ಮ ದಿನವಿಡೀ ಟಿವಿಯಲ್ಲಿ ಬಾಂಬ್ ಬೀಳುವುದನ್ನು ನೋಡಿ, ಇರಾಕಿಗೂ ಅಲ್ ಮನ್ಸೂರಾದ ನಮ್ಮ ಫ್ಲ್ಯಾಟಿಗೂ ನಡುವೆ ಒಂದು ಗದ್ದೆಯಷ್ಟೇ ದೂರ ಎಂದು ತೀರ್ಮಾನಿಸಿದ್ದಳು.

"ಯುದ್ಧದ ಹೊತ್ತಲ್ಲಿ ಇದೆಂತ ಆಟ ಮಗಾ? ಸಾಯ್ಲಿಕ್ಕೆ ಬೇರೆ ಯಾರೂ ಸಿಗ್ಲಿಲ್ವಾ?"

"ನಾಟಕ ಅಮ್ಮ."

"ನಾಟಕ ಅಂತ ಯಮನಿಗೆ ಗೊತ್ತುಂಟಾ?"

ಫೋನ್ ಕಾರ್ಡು ಮುಗಿಯುವ ಮುನ್ನ ಸಂಧಾನವಾಯಿತು. ಸಾಯಬಹುದು. ಆದರೆ ಬಡಗು ದಿಕ್ಕಿಗೆ, ಅಂದರೆ ಉತ್ತರಕ್ಕೆ, ತಲೆ ಹಾಕಿ ಮಲಗಬಾರದು, ಅದು ಬದುಕಿದ್ದವರಿಗೆ ಆಗದ ದಿಕ್ಕು. ತೆಂಕಿಗೂ ಬೇಡ, ಹೆಣವನ್ನು ಮಲಗಿಸುವುದು ಹಾಗೆ.

"ಕ್ಯಾಸೆಟ್ ಕಳಿಸು. ನೋಡುವವರೆಗೆ ನಂಗೆ ನಿದ್ರೆ ಇಲ್ಲ," ಅಂದಳು. ಸುಮ್ಮನೆ ಹೇಳಿದ ಮಾತಲ್ಲ ಅದು.

ನಾಟಕ ಆಡಬೇಕಿದ್ದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಅಲ್ಲಿ ದಿಕ್ಕು ತಿಳಿದವರು ಒಬ್ಬರೇ: ನನ್ನನ್ನು ಕೊಲ್ಲುವ ದಂಗೆಯ ನಾಯಕ. ವೇಷ ಕಳಚಿದರೆ ನಮ್ಮ ಬೀದಿಯ ದಿನಸಿ ಅಂಗಡಿಯ ಬ್ಯಾರಿ ಸಾಹುಕಾರರು, ದಿನಕ್ಕೆ ಐದು ಸಲ ಮೆಕ್ಕಾದ ಕಡೆ ತಿರುಗಿ ನಮಾಜು ಮಾಡುವವರು.

"ಕಿಬ್ಲಾ ಅಲ್ಲಿ," ಎಂದು ಪ್ರೇಕ್ಷಕರ ಕುರ್ಚಿಗಳತ್ತ ಕೈ ತೋರಿಸಿದರು. "ಪಶ್ಚಿಮ. ಚೂರು ತೆಂಕು."

"ಹಾಗಾದ್ರೆ ನನ್ನ ತಲೆ ಪೂರ್ವಕ್ಕೆ. ಹಿಂದೆ ಉಪ್ಪಿನ ಗೋಣಿಗೆ ಒರಗಿ ಸತ್ರೆ ಮುಖ ಜನರಿಗೆ ಕಾಣ್ತದೆ."

"ಮಾಫಿ," ಅರಬಿಯಲ್ಲೇ ಇಲ್ಲವೆಂದರು. "ಅದು ನಡೆಯೂದಿಲ್ಲ. ಕಿಬ್ಲಾಕ್ಕೆ ಕಾಲು ಚಾಚ್ತೀರಾ? ಹಾಗೆ ಸಾಯುವುದಾದ್ರೆ ನಿಮ್ಮನ್ನು ನಾನು ಕೊಲ್ಲುವುದಿಲ್ಲ ಮಾರಾಯ್ರೆ."

ಕೊಲೆಗಾರನೇ ಕೈಬಿಟ್ಟ ಮೇಲೆ ದೊರೆ ಏನು ಮಾಡಿಯಾನು. ಉಳಿದದ್ದು ಒಂದೇ: ತಲೆ ಪ್ರೇಕ್ಷಕರತ್ತ, ಬೂಟು ಹಿಂಪರದೆಯತ್ತ. ಪಶ್ಚಾತ್ತಾಪ, ತಾಯ್ನಾಡು, ಶಾಂತಿ ಮೂರೂ ಹಿಂಪರದೆಯ ಪಾಲು. ಜನರಿಗೆ ನನ್ನ ಬೋಳು ನೆತ್ತಿ. ಸೂರ್ಯ ಮುಳುಗದ ಸಾಮ್ರಾಜ್ಯದ ಅಧಿಕಾರಿಗೆ ಬಿದ್ದು ಸಾಯಲು ಸಿಕ್ಕಿದ್ದು ಸೂರ್ಯ ಮುಳುಗುವ ದಿಕ್ಕೊಂದೇ.

ಪ್ರದರ್ಶನದ ಸಂಜೆ ಪರದೆಯ ಹಿಂದೆ ಯಾರೋ ಹಲಗೆಯನ್ನು ನೆಲಕ್ಕೆ ಬಡಿದರು. ಅದೇ ಗುಂಡು. ಎದೆ ಹಿಡಿದುಕೊಂಡೆ. ಯಕ್ಷಗಾನ ನೋಡಿ ಬೆಳೆದ ದೇಹ. ಮೂರು ಸುತ್ತು ತಿರುಗದೆ ಸಾಯಲು ಒಪ್ಪಲಿಲ್ಲ. ಎರಡನೆಯ ಸುತ್ತಿಗೆ ಥರ್ಮಕೋಲಿನ ಹ್ಯಾಟು ಕಣ್ಣಿನ ಮೇಲೆ ಇಳಿಯಿತು. ಬಿದ್ದೆ. ಎತ್ತ ಬಿದ್ದೆನೋ ತಿಳಿಯಲಿಲ್ಲ.

"ಸಾಹುಕಾರ್ರೆ, ತಲೆ ಎಲ್ಲುಂಟು?" ಪಿಸುಗುಟ್ಟಿದೆ.

"ತೆಂಕಿಗೆ."

"ತಿರುಗಿಸಿ."

ದಂಗೆಯ ನಾಯಕರು ಬಂದೂಕು ಕೆಳಗಿಟ್ಟರು. "ಎಲೈ ದೊರೆಯೇ, ಈ ಮಣ್ಣಿನಲ್ಲಿ ನಿನಗೆ ಜಾಗವಿಲ್ಲ" ಎನ್ನುತ್ತ ನನ್ನೆರಡು ಬೂಟು ಹಿಡಿದು ಬೀಸುವ ಕಲ್ಲಿನಂತೆ ತಿರುಗಿಸತೊಡಗಿದರು. ಅರ್ಧಕ್ಕೆ ಬಂದಾಗ ಏದುಸಿರು ಬಿಡುತ್ತ, "ಎಂತ ಭಾರ ಮಾರಾಯ್ರೆ, ಚೂರು ನೀವೂ ತಿರುಗಿ," ಎಂದರು. ಸತ್ತ ದೊರೆ ಮೊಣಕೈ ಊರಿ ಚೂರು ತಿರುಗಿದ. ಸಭೆ ಎದ್ದು ನಿಂತು ನಕ್ಕಿತು. ಕಂಪೆನಿ ಸರಕಾರ ನಿಜವಾಗಿ ಹೋದಾಗಲೂ ಜನರಿಗೆ ಅಷ್ಟು ಸಂತೋಷವಾಗಿರಲಾರದು.

ರಜೆಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ ಊರಿಗೆ ಹೋಯಿತು. ವಾರ ಕಳೆದು ಫೋನ್ ಮಾಡಿದೆ.

"ತಲೆ ಪಶ್ಚಿಮಕ್ಕಿತ್ತು ಅಮ್ಮ. ನೀನು ಹೇಳಿದ ಹಾಗೇ."

"ಅದಿರ್ಲಿ. ನಾನು ಮೂರು ಸಲ ಹಾಕಿಸಿ ನೋಡಿದೆ. ನೀನು ಸತ್ತ ಹಾಗೆ ಒಂಚೂರೂ ಕಾಣ್ಲಿಲ್ಲ ಮಗಾ. ಹೊಟ್ಟೆ ಮೇಲೆ ಕೆಳಗೆ ಹೋಗ್ತಿತ್ತು, ಕೈ ಅಲ್ಲಾಡ್ತಿತ್ತು." ಬಹಳ ದಿನಗಳ ಮೇಲೆ ಅಮ್ಮ ನಕ್ಕಳು. "ನಿನ್ನೆ ಒಳ್ಳೆ ನಿದ್ರೆ ಬಂತು."

ನಟನಾಗಿ ನನಗೆ ಸಿಕ್ಕಿದ ಮೊದಲ ವಿಮರ್ಶೆ ಅದು. ಊಟ ಆಯಿತಾ ಎಂದು ಕೇಳಿದೆ.